ರಂಗಭೂಮಿಗೆ ಮನೆಯ ಬಾಗಿಲನ್ನು ತೆರೆದ ಟಿ. ಪಿ. ಕೈಲಾಸಂ

ನೆಲದೊಳಗೆ ಸಾವಿರಾರು ಅಡಿ ಇಳಿದು ದುಡಿಯುವವನಿಗೆ ಒಂದು ವಿದ್ಯೆ ಅತ್ಯಗತ್ಯ. ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ, ಹೊರಡುವ ಸದ್ದಿನಿಂದಲೇ ಅದು ಗಟ್ಟಿಯೋ ಟೊಳ್ಳೋ ಎಂದು ಅರಿಯುವ ವಿದ್ಯೆ ಅದು. ಕಣ್ಣಿಗೆ ಎರಡೂ ಬಂಡೆಗಳು ಒಂದೇ ತೆರನಾಗಿ ಕಾಣುತ್ತವೆ. ಕಿವಿಗೆ ಮಾತ್ರ ಅವುಗಳ ಅಂತರಂಗ ತಿಳಿಯುತ್ತದೆ. ನಮ್ಮ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದುವಾದರೂ ಈ ವಿದ್ಯೆಯನ್ನು ಬಲ್ಲ ಹಿರಿಯರು ಮಾರಿಕುಪ್ಪದಿಂದ ಬಂಗಾರಪೇಟೆಯವರೆಗಿನ ಅನೇಕ ಮನೆಗಳಲ್ಲಿ ಇನ್ನೂ ಇದ್ದಾರೆ. ಭೂವಿಜ್ಞಾನವನ್ನೇ ಅಭ್ಯಾಸ ಮಾಡಿ, ತರುವಾಯ ಆ ವೃತ್ತಿಯನ್ನು ತೊರೆದು, ಬಂಡೆಗಳಿಗೆ ಬದಲಾಗಿ ಸಂಸಾರಗಳನ್ನು ತಟ್ಟಿ ನೋಡಿದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿ ಆಗಿಹೋದರು. ಅವರ ಪ್ರಸಿದ್ಧವಾದ ಮೊದಲ ನಾಟಕದ ಹೆಸರೇ ‘ಟೊಳ್ಳುಗಟ್ಟಿ’. ಅವರೇ ತ್ಯಾಗರಾಜ ಪರಮಶಿವ ಕೈಲಾಸಂ.

ಕೈಲಾಸಂ ಅವರ ಹೆಸರನ್ನು ಕೇಳಿದೊಡನೆ ಮುಖದಲ್ಲಿ ನಗು ಮೂಡದ ಕನ್ನಡಿಗನಿಲ್ಲ. ಆದರೆ ಅವರನ್ನು ಬರಿಯ ವಿನೋದಕಾರರೆಂದು ಎಣಿಸುವುದು ಅವರಿಗೆ ಮಾಡುವ ಅನ್ಯಾಯವಾದೀತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯೂರೋಪಿನ ರಂಗಭೂಮಿಯು ಕೇಳಿದ ಒಂದು ಗಂಭೀರವಾದ ಪ್ರಶ್ನೆಯನ್ನು, ಎಂದರೆ ವಿವಾಹವೆಂಬ ಸಂಸ್ಥೆಯಲ್ಲಿ ಹೆಣ್ಣಿನ ಸ್ಥಾನವೇನು ಎಂಬ ಪ್ರಶ್ನೆಯನ್ನು, ಅವರು ಕನ್ನಡದ ಮನೆಯ ನಡುಮನೆಯಲ್ಲಿ ತಂದು ನಿಲ್ಲಿಸಿದರು. ಅದನ್ನು ತಂದ ಬಗೆ ಹೇಗೆ, ಇಲ್ಲಿಗೆ ತಕ್ಕಂತೆ ತಿರುಗಿಸಿದ ಬಗೆ ಹೇಗೆ, ತಮ್ಮ ಬಾಳಿನಲ್ಲಿ ಅವರು ಅದಕ್ಕೆ ಕೊಟ್ಟ ಉತ್ತರವೇನು ಎಂಬುದನ್ನು ಅವರ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಜನನ ಮತ್ತು ವಿದ್ಯಾಭ್ಯಾಸ

ಕೈಲಾಸಂ ಅವರು 1884ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಟಿ. ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿ ಹೆಸರು ಗಳಿಸಿದವರು. ಶಿಸ್ತಿಗೂ ಪಾಂಡಿತ್ಯಕ್ಕೂ ಹೆಸರಾದವರು. ವೇದಗಳನ್ನು ಭೂವಿಜ್ಞಾನದ ದೃಷ್ಟಿಯಿಂದ ವ್ಯಾಖ್ಯಾನಿಸಲು ಹೊರಟ ಅಪೂರ್ವ ವ್ಯಕ್ತಿ ಅವರು. ತಾಯಿ ಕಮಲಮ್ಮನವರು. ಮನೆಯ ಮಾತು ತಮಿಳು. ಬೆಳೆದ ನೆಲದ ಮಾತು ಕನ್ನಡ. ಕಲಿತ ವಿದ್ಯೆಯ ಮಾತು ಇಂಗ್ಲಿಷ್. ಈ ಮೂರು ನುಡಿಗಳ ನಡುವೆ ಬೆಳೆದ ಬಾಲಕನ ಕಿವಿ ಮುಂದೆ ಜನರ ಆಡುನುಡಿಯ ಸೂಕ್ಷ್ಮವನ್ನು ಹಿಡಿಯುವಷ್ಟು ಹದಗೊಂಡಿತು. ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುವ ಗಣಿಯ ನಾಡಿನ ನಮಗೆ ಇದು ಅಚ್ಚರಿಯ ಸಂಗತಿಯೇನೂ ಅಲ್ಲ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಭ್ಯಾಸ ಮಾಡಿ ಭೂವಿಜ್ಞಾನದಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ಕೈಲಾಸಂ ಅವರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಲಂಡನ್ನಿಗೆ ತೆರಳಿದರು. ಅಲ್ಲಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಎಂಬ ವಿದ್ಯಾಸಂಸ್ಥೆಯಲ್ಲಿ ವ್ಯಾಸಂಗ ಮಾಡಿದರು. ಲಂಡನ್ನಿನಲ್ಲಿ ಅವರು ಕಳೆದದ್ದು ಸುಮಾರು ಆರು ವರ್ಷ. ಹಗಲು ಪ್ರಯೋಗಶಾಲೆ, ಸಂಜೆ ನಾಟಕಶಾಲೆ ಎಂಬಂತೆ ಅವರ ದಿನಚರಿ ಸಾಗಿತು. ಮೈಕಟ್ಟು, ಆಟಪಾಟ, ಹಾಡು, ಅಣಕವಾಡು ಇವೆಲ್ಲವುಗಳಲ್ಲಿಯೂ ಅವರಿಗೆ ಅಪಾರವಾದ ಆಸಕ್ತಿ ಇದ್ದಿತು. ಆದರೆ ಅವರ ಮನಸ್ಸನ್ನು ಸಂಪೂರ್ಣವಾಗಿ ಸೆರೆಹಿಡಿದದ್ದು ಅಲ್ಲಿನ ಹೊಸ ರಂಗಭೂಮಿ.

ಪಶ್ಚಿಮದ ರಂಗಭೂಮಿಯ ಹೊಸ ಪ್ರಶ್ನೆ

ಆ ಹೊಸ ರಂಗಭೂಮಿಯ ಸ್ವರೂಪವನ್ನು ತಿಳಿಯದೆ ಕೈಲಾಸಂ ಅವರ ಸಾಧನೆಯನ್ನು ಅಳೆಯಲಾಗದು. ನಾರ್ವೆ ದೇಶದ ಹೆನ್ರಿಕ್ ಇಬ್ಸನ್ ಎಂಬ ನಾಟಕಕಾರನು 1828ರಿಂದ 1906ರವರೆಗೆ ಬಾಳಿದನು. ರಾಜರಾಣಿಯರ ಕಥೆಗಳನ್ನು ಬಿಟ್ಟು, ಮಧ್ಯಮವರ್ಗದ ಒಂದು ಮನೆಯನ್ನೇ ರಂಗದ ಮೇಲೆ ಕಟ್ಟಿ, ದಿನನಿತ್ಯದ ಮಾತಿನಲ್ಲಿಯೇ ಸಂಸಾರದ ಸತ್ಯಾಸತ್ಯಗಳನ್ನು ಬಿಚ್ಚಿ ತೋರಿಸಿದ ಧೀಮಂತನು. 1879ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಮೊದಲು ಪ್ರಯೋಗಗೊಂಡ ಅವನ ‘ಗೊಂಬೆಯ ಮನೆ’ ಎಂಬ ನಾಟಕದ ನಾಯಕಿ ನೋರಾ. ಕಾಯಿಲೆಯ ಗಂಡನ ಪ್ರಾಣವನ್ನು ಉಳಿಸಲೆಂದು ಅವಳು ಗುಟ್ಟಾಗಿ ಸಾಲ ಮಾಡಿರುತ್ತಾಳೆ. ಅದಕ್ಕಾಗಿ ತಂದೆಯ ರುಜುವನ್ನು ತಾನೇ ಹಾಕಿರುತ್ತಾಳೆ. ಹೆಣ್ಣು ಸ್ವತಂತ್ರವಾಗಿ ಸಾಲ ಎತ್ತಲಾಗದ ಕಾಲವದು. ಗುಟ್ಟು ರಟ್ಟಾದಾಗ ಗಂಡನು ಅವಳ ತ್ಯಾಗವನ್ನು ಕಾಣದೆ ತನ್ನ ಮಾನವೊಂದನ್ನೇ ಕುರಿತು ಚಿಂತಿಸುತ್ತಾನೆ. ತಾನು ತಂದೆಯ ಮನೆಯಲ್ಲಿಯೂ ಗಂಡನ ಮನೆಯಲ್ಲಿಯೂ ಆಟದ ಗೊಂಬೆಯಾಗಿಯೇ ಉಳಿದೆನೆಂಬ ಅರಿವು ಅವಳಿಗೆ ಉಂಟಾಗುತ್ತದೆ. ಅವಳು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಬಾಗಿಲು ಮುಚ್ಚಿಕೊಂಡು ಹೊರಟುಹೋಗುತ್ತಾಳೆ.

ಆ ಬಾಗಿಲಿನ ಸದ್ದು ಯೂರೋಪಿನಾದ್ಯಂತ ಕೇಳಿಸಿತು. ಜರ್ಮನಿಯಲ್ಲಿ ಆ ಪಾತ್ರವನ್ನು ವಹಿಸಬೇಕಾಗಿದ್ದ ನಟಿಯೇ ಮಕ್ಕಳನ್ನು ತೊರೆಯುವ ತಾಯಿಯನ್ನು ಅಭಿನಯಿಸಲು ಒಪ್ಪಲಿಲ್ಲ. ಇಬ್ಸನ್ನನು ಒಲ್ಲದ ಮನಸ್ಸಿನಿಂದ ಬೇರೊಂದು ಮುಕ್ತಾಯವನ್ನು ಬರೆದುಕೊಡಬೇಕಾಯಿತು. ಲಂಡನ್ನಿನಲ್ಲಿ ಈ ನಾಟಕವು 1889ರಲ್ಲಿ ಪ್ರಯೋಗಗೊಂಡಿತು. ಬರ್ನಾರ್ಡ್ ಷಾ 1891ರಲ್ಲಿ ಇಬ್ಸನ್ನನ ವಿಚಾರಗಳನ್ನು ಸಮರ್ಥಿಸುವ ಗ್ರಂಥವನ್ನೇ ಬರೆದು ಪ್ರಕಟಿಸಿದನು. ಕೈಲಾಸಂ ಅವರು ಲಂಡನ್ನಿಗೆ ಬಂದ ಕಾಲಕ್ಕೆ ಇಬ್ಸನ್ ತೀರಿಕೊಂಡಿದ್ದನಾದರೂ ಅವನ ಪ್ರಭಾವ ತೀರಿರಲಿಲ್ಲ. ನಾಟಕವೆಂದರೆ ಹಾಡು, ಕುಣಿತ, ಜರಿಯ ಪೋಷಾಕು ಎಂದು ತಿಳಿದಿದ್ದ ದೇಶದಿಂದ ಬಂದ ತರುಣನಿಗೆ, ಒಂದು ಮೇಜು, ನಾಲ್ಕು ಕುರ್ಚಿ, ಒಂದು ಸಂಸಾರ ಇಷ್ಟರಿಂದಲೇ ನಾಟಕವಾಗಬಲ್ಲುದೆಂಬುದು ಹೊಸ ಸತ್ಯವಾಗಿ ಕಂಡಿತು.

ಸ್ವದೇಶದ ಸನ್ನಿವೇಶ

ಹಾಗೆಂದು ನಮ್ಮಲ್ಲಿ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಎತ್ತಿರಲಿಲ್ಲವೆಂದು ಹೇಳಲಾಗದು. ನೋರಾಳ ನಾಟಕವು ಹುಟ್ಟಿ ಎಂಟು ವರ್ಷಗಳಾಗುವಷ್ಟರಲ್ಲಿ, 1887ರಲ್ಲಿ, ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಹಣಕ್ಕಾಗಿ ಹೆಣ್ಣುಮಗಳನ್ನು ಮಾರುವ ಕನ್ಯಾವಿಕ್ರಯದ ಪದ್ಧತಿಯನ್ನು, ಹವ್ಯಕರ ಆಡುನುಡಿಯನ್ನು ಬಳಸಿ ಬಯಲಿಗೆಳೆದ ಕೃತಿಯದು. ಇಬ್ಸನ್ನನ ಹೆಸರು ಕನ್ನಡಕ್ಕೆ ಬರುವ ಮುನ್ನವೇ ಕನ್ನಡದ ಹಳ್ಳಿಯೊಂದರಲ್ಲಿ ವಾಸ್ತವ ನಾಟಕದ ಬೀಜ ಬಿದ್ದಿತ್ತೆಂಬುದು ಹೆಮ್ಮೆಯ ವಿಷಯ. ನೆರೆಯ ತೆಲುಗಿನಲ್ಲಿ ಗುರಜಾಡ ಅಪ್ಪಾರಾಯರ ‘ಕನ್ಯಾಶುಲ್ಕಂ’ 1892ರಲ್ಲಿ ರಂಗವೇರಿ 1897ರಲ್ಲಿ ಅಚ್ಚಾಯಿತು. ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರ ‘ಶಾರದಾ’ 1899ರಲ್ಲಿ ಬಂದಿತು. ಈ ಎಲ್ಲ ನಾಟಕಗಳ ನಡುವೆ ಇರುವ ಹೆಣ್ಣು ಇನ್ನೂ ಎಳೆಯ ಬಾಲಿಕೆ. ಅವಳನ್ನು ಕೊಳ್ಳಲು ಬರುವವನು ಮುದುಕ.

ನೋರಾಳಿಗೂ ಇವರಿಗೂ ಇರುವ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ನೋರಾ ಓದುಬರಹ ಬಲ್ಲವಳು. ಹೊರಗೆ ಹೋದರೆ ಹೇಗೋ ಬದುಕಬಲ್ಲೆನೆಂಬ ಧೈರ್ಯವಾದರೂ ಅವಳಿಗಿದ್ದಿತು. ಅವಳ ದೇಶದಲ್ಲಿ 1888ರ ಕಾನೂನು ವಿವಾಹಿತ ಸ್ತ್ರೀಯರಿಗೆ ಆಸ್ತಿಯ ವ್ಯವಹಾರದಲ್ಲಿ ಹಕ್ಕನ್ನು ನೀಡಿತು. ನಮ್ಮ ಮೈಸೂರು ಸಂಸ್ಥಾನದಲ್ಲಿಯಾದರೋ 1894ರ ಶಿಶುವಿವಾಹ ನಿಷೇಧದ ಕಾಯಿದೆ ತಡೆಯಲು ಯತ್ನಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನು. ಕಾಯಿದೆಯಿಂದಲೇ ಅಂದಿನ ಸ್ಥಿತಿಯನ್ನು ಊಹಿಸಬಹುದು. ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ 1881ರಲ್ಲಿಯೇ ಆರಂಭವಾಗಿದ್ದರೂ ಅದರ ಬೆಳಕು ತಲುಪಿದ್ದು ಕೆಲವೇ ಮನೆಗಳಿಗೆ. ಇಂಥ ಸಮಾಜದಲ್ಲಿ ಬಾಗಿಲು ತೆರೆದು ಹೊರಟುಹೋಗೆಂದು ಹೆಣ್ಣಿಗೆ ಹೇಳುವುದು ಸುಲಭ. ಹೊರಗೆ ಅವಳಿಗೆ ನಿಲ್ಲಲು ನೆಲವೇ ಇರಲಿಲ್ಲ.

ಉದ್ಯೋಗ ಮತ್ತು ಮೊದಲ ನಾಟಕ

1915ರ ಸುಮಾರಿಗೆ ಸ್ವದೇಶಕ್ಕೆ ಹಿಂದಿರುಗಿದ ಕೈಲಾಸಂ ಅವರು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯನ್ನು ಸೇರಿದರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಕೈಯಲ್ಲಿ ನಮ್ಮ ಚಿನ್ನದ ಗಣಿಗಳು ಯಶಸ್ಸನ್ನು ಕಂಡ ತರುವಾಯ, ಸಂಸ್ಥಾನದ ಖನಿಜ ಸಂಪತ್ತನ್ನು ಶೋಧಿಸಲೆಂದು 1894ರಲ್ಲಿ ಸ್ಥಾಪಿತವಾದ ಇಲಾಖೆಯದು. ಲಂಡನ್ನಿನಲ್ಲಿ ಶಿಕ್ಷಣ ಪಡೆದ ಭೂವಿಜ್ಞಾನಿಗೆ ಅಲ್ಲಿ ಉಜ್ವಲವಾದ ಭವಿಷ್ಯವಿದ್ದಿತು. ಆದರೆ ಕಡತ, ಕಚೇರಿ, ಮೇಲಧಿಕಾರಿಗಳ ಅಂಕೆ ಇವುಗಳಿಗೆ ಅವರ ಸ್ವಭಾವ ಒಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟು, ತಮ್ಮ ಬಾಳನ್ನು ನಾಟಕಕ್ಕೆ ಮುಡಿಪಾಗಿಟ್ಟರು.

1918ರಲ್ಲಿ ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿದ ‘ಟೊಳ್ಳುಗಟ್ಟಿ’ ಕನ್ನಡ ರಂಗಭೂಮಿಗೆ ಹೊಸ ದಿಕ್ಕನ್ನು ತೋರಿತು. ಕಥೆ ಸರಳ. ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಒಬ್ಬನು ಪರೀಕ್ಷೆಗಳಲ್ಲಿ ಮುಂದು, ತಂದೆಯ ಕಣ್ಮಣಿ. ಇನ್ನೊಬ್ಬನು ಓದಿನಲ್ಲಿ ಹಿಂದು, ಆದುದರಿಂದ ತಿರಸ್ಕೃತ. ಆದರೆ ಮನೆಯ ರೋಗಿಗಳ ಶುಶ್ರೂಷೆ, ಹೆಂಗಸರಿಗೆ ನೆರವು, ಅಡಿಗೆಮನೆಯ ಕೆಲಸ ಎಲ್ಲವೂ ಅವನದೇ. ಮನೆಗೆ ಬೆಂಕಿ ಬಿದ್ದ ಗಳಿಗೆಯಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಾನಾಗಿಯೇ ಹೊರಬೀಳುತ್ತದೆ.

ಈ ನಾಟಕವನ್ನು ಶಿಕ್ಷಣ ಪದ್ಧತಿಯ ಟೀಕೆಯೆಂದು ಓದುವುದು ರೂಢಿ. ಅದು ಸರಿಯೇ. ಆದರೆ ಇನ್ನೊಂದು ಬಗೆಯಿಂದಲೂ ಅದನ್ನು ನೋಡಬೇಕು. ಗಟ್ಟಿಯೆಂದು ಸಿದ್ಧವಾಗುವ ಹುಡುಗನು ಮಾಡುವ ಕೆಲಸವೆಲ್ಲ ಲೋಕವು ಹೆಂಗಸಿನದೆಂದು ಎಣಿಸಿ ಕಡೆಗಣಿಸಿದ ಕೆಲಸ. ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಕೂರುವುದಕ್ಕೆ ಪದಕವಿಲ್ಲ, ಗಂಜಿ ಕಾಯಿಸುವುದಕ್ಕೆ ಪದವಿಯಿಲ್ಲ. ಅಂಥ ಸೇವೆಯನ್ನು ತೂಕಕ್ಕೆ ಹಾಕಿ, ವಿಶ್ವವಿದ್ಯಾನಿಲಯದ ಕೀರ್ತಿಗಿಂತ ಅದೇ ಭಾರವಾದುದೆಂದು ತೋರಿಸಿದುದೇ ಕೈಲಾಸಂ ಅವರ ಹಿರಿಮೆ. ಇಬ್ಸನ್ ಹೆಣ್ಣಿನ ಮುಂದೆ ಪ್ರಶ್ನೆಯನ್ನಿಟ್ಟು, ಈ ಮನೆಯಲ್ಲಿ ನೀನು ಇರಬಲ್ಲೆಯಾ ಎಂದು ಕೇಳಿದನು. ಹೋಗಲು ತಾವಿಲ್ಲದ ಹೆಣ್ಣಿನ ನಾಡಿನಲ್ಲಿ ಕೈಲಾಸಂ ಅವರು ಆ ಪ್ರಶ್ನೆಯನ್ನು ಗಂಡಸಿನತ್ತ ತಿರುಗಿಸಿದರು; ಈ ಮನೆಯಲ್ಲಿ ಇರಲು ನೀನು ಯೋಗ್ಯನೇ ಎಂದು ಅವನನ್ನು ತಟ್ಟಿ ನೋಡಿದರು.

ಗೃಹಜೀವನದ ನಾಟಕಗಳು

ಆ ಬಳಿಕ ಬಂದ ನಾಟಕಗಳಲ್ಲಿ ಇದೇ ಪರೀಕ್ಷೆ ನಾನಾ ರೂಪಗಳಲ್ಲಿ ಮುಂದುವರಿಯಿತು. ‘ಬಂಡ್ವಾಳ್ವಿಲ್ಲದ ಬಡಾಯಿ’ಯಲ್ಲಿ ವಕೀಲನೊಬ್ಬನ ಪೊಳ್ಳು ಪ್ರತಿಷ್ಠೆ ಅವನ ಮನೆಯಲ್ಲಿಯೇ ನಗೆಗೀಡಾಗುತ್ತದೆ. ‘ಹೋಂ ರೂಲು’ ರಾಜಕೀಯದ ಸ್ವರಾಜ್ಯದ ಕೂಗನ್ನು ಮನೆಯೊಳಗಿನ ಆಳ್ವಿಕೆಗೆ ಅನ್ವಯಿಸಿ ವಿನೋದಪಡುತ್ತದೆ. ‘ಬಹಿಷ್ಕಾರ’ದಲ್ಲಿ ನಗು ಹಿಂದೆ ಸರಿಯುತ್ತದೆ. ಸಕಾಲದಲ್ಲಿ ಮಗಳಿಗೆ ಮದುವೆ ಮಾಡಲಾರದ ಬಡ ತಂದೆಯನ್ನು ಸಮಾಜವು ಹೊರಗಟ್ಟುವ ಕ್ರೌರ್ಯ ಅದರ ವಸ್ತು. ಬಾಲ್ಯವಿವಾಹವನ್ನು ತಡೆಯಲು 1929ರಲ್ಲಿ ಶಾರದಾ ಕಾಯಿದೆ ಬಂದರೂ, ಅದಕ್ಕೆ ಮುನ್ನವೂ ಅನಂತರವೂ ಮೈನೆರೆದ ಮಗಳನ್ನು ಮನೆಯಲ್ಲಿಟ್ಟುಕೊಂಡ ತಂದೆತಾಯಿಗಳು ಪಟ್ಟ ಪಾಡನ್ನು ನಮ್ಮ ಅಜ್ಜಿಯಂದಿರು ಬಲ್ಲರು. ‘ಸೂಳೆ’ ಎಂಬ ನಾಟಕವಂತೂ ಹೆಸರಿನಿಂದಲೇ ಅಂದಿನ ಶಿಷ್ಟರನ್ನು ಬೆಚ್ಚಿಬೀಳಿಸಿತು. ಸಮಾಜವು ಹಗಲಿನಲ್ಲಿ ಹಳಿದು ಇರುಳಿನಲ್ಲಿ ಅರಸುವ ಹೆಣ್ಣನ್ನು ಮನುಷ್ಯಳೆಂದು ಕಾಣುವ ಧೈರ್ಯ ಅದರಲ್ಲಿದ್ದಿತು.

ಅವರ ಭಾಷೆಯ ಬಗೆಗೆ ಎರಡು ಮಾತು ಹೇಳಲೇಬೇಕು. ಇಂಗ್ಲಿಷನ್ನು ಹೇರಳವಾಗಿ ಬೆರೆಸಿದ ಕನ್ನಡವನ್ನು ಅವರು ಪಾತ್ರಗಳ ಬಾಯಲ್ಲಿ ಆಡಿಸಿದರೆಂದು ಪಂಡಿತರು ಆಕ್ಷೇಪಿಸಿದುದುಂಟು. ಆದರೆ ಆ ಬೆರಕೆ ಅಜಾಗರೂಕತೆಯದಲ್ಲ. ಕೋರ್ಟು ಕಚೇರಿಗಳ ಗಂಡಸರ ಬಾಯಲ್ಲಿ ಇಂಗ್ಲಿಷ್ ಉಕ್ಕುತ್ತದೆ. ಅಜ್ಜಿ, ಅತ್ತೆ, ಆಳುಗಳ ಬಾಯಲ್ಲಿ ಮನೆಯ ಕನ್ನಡ ಹರಿಯುತ್ತದೆ. ಯಾರ ಮಾತಿನಲ್ಲಿ ಹುರುಳಿದೆ, ಯಾರ ಮಾತು ಬರಿಯ ಸದ್ದು ಎಂಬುದು ಪ್ರೇಕ್ಷಕನಿಗೆ ಬೇಗನೆ ಹೊಳೆಯುತ್ತದೆ. ಒಂದೇ ಮನೆಯ ಗಂಡ ಹೆಂಡಿರು ಎರಡು ಲೋಕಗಳಲ್ಲಿ ಬಾಳುತ್ತಿದ್ದರೆಂಬ ಸತ್ಯವನ್ನು ಅವರು ಉಪದೇಶವಿಲ್ಲದೆ, ಮಾತಿನ ಧಾಟಿಯಿಂದಲೇ ತೋರಿಸಿದರು.

ಇಷ್ಟನ್ನು ಮೆಚ್ಚುವಾಗ ಅವರ ಮಿತಿಗಳನ್ನು ಮರೆಮಾಚುವುದು ಉಚಿತವಲ್ಲ. ಹೊಸ ವಿದ್ಯೆಯನ್ನು ಪಡೆದು ತಲೆಯೆತ್ತಿದ ಹೆಣ್ಣಿನ ವಿಷಯದಲ್ಲಿ ಅವರ ನಗೆ ಒಮ್ಮೊಮ್ಮೆ ಹರಿತವಾಗಿಯೇ ಇದೆ. ‘ಅಮ್ಮಾವ್ರ ಗಂಡ’ದಂಥ ಕೃತಿಯಲ್ಲಿ ಹೆಂಡತಿಯ ಮಾತೇ ಮೇಲಾದ ಸಂಸಾರವು ಹಾಸ್ಯಕ್ಕೆ ಗುರಿಯಾಗುತ್ತದೆ. ಮೂಕವಾಗಿ ಸಹಿಸುವ ಹೆಣ್ಣಿಗೆ ಅವರು ಕರುಣೆಯನ್ನು ಧಾರಾಳವಾಗಿ ನೀಡಿದರು. ಎದುರು ನಿಂತು ಮಾತನಾಡುವ ಹೆಣ್ಣಿಗೆ ಅಷ್ಟು ಧಾರಾಳವಾಗಿ ನ್ಯಾಯವನ್ನು ನೀಡಲಿಲ್ಲ. ಅವರ ಕಾಲದ ಹವ್ಯಾಸಿ ರಂಗದ ಮೇಲೆ ಆ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದವರೂ ಗಂಡಸರೇ ಎಂಬುದನ್ನು ನೆನೆದರೆ, ಹೆಣ್ಣಿನ ಅಳಲನ್ನು ಹೆಣ್ಣೇ ನುಡಿಯುವ ಕಾಲ ಇನ್ನೂ ಬಂದಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ವ್ಯಕ್ತಿತ್ವ ಮತ್ತು ಕಡೆಯ ದಿನಗಳು

ಕೈಲಾಸಂ ಅವರು ಲೇಖನಿಯನ್ನು ಹಿಡಿದು ಬರೆದುದಕ್ಕಿಂತ ಬಾಯಿಂದ ಹೇಳಿದುದೇ ಹೆಚ್ಚು. ಇಡೀ ನಾಟಕವನ್ನು ಮನಸ್ಸಿನಲ್ಲಿಯೇ ಕಟ್ಟಿ, ಎಲ್ಲ ಪಾತ್ರಗಳನ್ನೂ ತಾವೊಬ್ಬರೇ ಅಭಿನಯಿಸುತ್ತ ಗೆಳೆಯರ ಮುಂದೆ ಹೇಳುತ್ತಿದ್ದರು. ಮಿತ್ರರೂ ಶಿಷ್ಯರೂ ಬರೆದುಕೊಳ್ಳದೆ ಇದ್ದಿದ್ದರೆ ಇಂದು ನಮಗೆ ದೊರೆತಿರುವುದರಲ್ಲಿ ಬಹುಭಾಗ ಉಳಿಯುತ್ತಲೇ ಇರಲಿಲ್ಲ. ಬಾಲಚಮೂ ಚಳವಳಿಗಾಗಿ ಅವರು ಹಾಡುಗಳನ್ನು ರಚಿಸಿದರು. ಪೋಲಿ ಹುಡುಗನಲ್ಲಿ ಅಡಗಿರುವ ಒಳ್ಳೆಯತನವನ್ನು ‘ಪೋಲಿ ಕಿಟ್ಟಿ’ಯಲ್ಲಿ ಚಿತ್ರಿಸಿದರು. ಇಂಗ್ಲಿಷಿನಲ್ಲಿ ಕರ್ಣ, ಏಕಲವ್ಯ, ಕೀಚಕರನ್ನು ಕುರಿತು ರಚಿಸಿದ ಪೌರಾಣಿಕ ನಾಟಕಗಳಲ್ಲಿ ಲೋಕದಿಂದ ಅವಮಾನಿತರಾದವರ ಗಟ್ಟಿತನವನ್ನೇ ಎತ್ತಿ ಹಿಡಿದರು.

ಆದರೆ ಸಂಸಾರಗಳನ್ನು ಇಷ್ಟು ಆಳವಾಗಿ ಅರಿತವರ ಸ್ವಂತ ಸಂಸಾರ ಸುಖದ್ದಾಗಿರಲಿಲ್ಲ. ಸಂಬಳದ ಕೆಲಸವನ್ನು ಬಿಟ್ಟು, ಮನೆಯವರಿಂದ ದೂರವಾಗಿ, ನಿಯಮವಿಲ್ಲದ ದಿನಚರಿಯಲ್ಲಿ, ಪುಸ್ತಕ ಮತ್ತು ಸಿಗರೇಟುಗಳ ನಡುವೆ ಅವರು ಬದುಕನ್ನು ಸವೆಸಿದರು. ಗೆಳೆಯರಿಗೆ ಅವರ ಬಾಗಿಲು ಸದಾ ತೆರೆದಿತ್ತು. ಗೃಹಸ್ಥನ ಹೊಣೆಗೆ ಮಾತ್ರ ಅವರು ಹೆಗಲು ಕೊಟ್ಟುದು ಕಡಿಮೆ. ಕಲಾವಿದನ ಸ್ವಾತಂತ್ರ್ಯವೆಂದು ನಾವು ಕೊಂಡಾಡುವ ಬಾಳಿನ ಬೆಲೆಯನ್ನು ಎಷ್ಟೋ ವೇಳೆ ಅವನ ಮನೆಯವರು ತೆರುತ್ತಾರೆ. ತಮ್ಮ ನಾಟಕದ ಅಳತೆಗೋಲಿನಿಂದಲೇ ಅವರನ್ನು ಅಳೆದರೆ, ಅವರಿಗೂ ಆ ಪರೀಕ್ಷೆ ಸುಲಭದ್ದಾಗುತ್ತಿರಲಿಲ್ಲ. ಇದನ್ನು ದೋಷಾರೋಪಣೆಗಾಗಿ ಹೇಳುತ್ತಿಲ್ಲ. ಸತ್ಯವನ್ನು ಕಾಣುವುದು ಒಂದು, ಅದರಂತೆ ಬಾಳುವುದು ಇನ್ನೊಂದು ಎಂಬ ಪಾಠ ಮಹನೀಯರ ಜೀವನದಲ್ಲಿಯೂ ದೊರೆಯುತ್ತದೆ.

1945ರಲ್ಲಿ ಮದ್ರಾಸಿನಲ್ಲಿ ಸಮಾವೇಶಗೊಂಡ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ನೀಡಿ ಕನ್ನಡಿಗರು ಅವರನ್ನು ಗೌರವಿಸಿದರು. ಮರುವರ್ಷ, 1946ರ ನವೆಂಬರ್ 23ರಂದು, ಬೆಂಗಳೂರಿನಲ್ಲಿ ಅವರು ಕಾಲವಶರಾದರು.

ಉಪಸಂಹಾರ

ಕೈಲಾಸಂ ಅವರ ಅನಂತರ ಹೆಣ್ಣಿನ ಕಾಲ ಕೆಳಗೆ ಸ್ವಲ್ಪ ಸ್ವಲ್ಪವಾಗಿ ನೆಲ ಮೂಡುತ್ತ ಬಂದಿದೆ. ಅವರು ಬದುಕಿದ್ದಾಗಲೇ, 1933ರಲ್ಲಿ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳ ಕಾನೂನನ್ನು ಜಾರಿಗೆ ತಂದಿತು. ಸ್ವಾತಂತ್ರ್ಯಾನಂತರ 1955ರಲ್ಲಿ ಹಿಂದೂ ವಿವಾಹ ಕಾಯಿದೆ, 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದುವು. ಆದರೂ ಕಾಯಿದೆಯ ಪುಸ್ತಕ ಬೇರೆ, ಮನೆಯ ಒಳಕೋಣೆ ಬೇರೆ ಎಂಬುದು ಮದುವೆಯ ಮಾತುಕತೆಗೆ ಕುಳಿತವರೆಲ್ಲರಿಗೂ ತಿಳಿದ ವಿಷಯ.

ನಮ್ಮ ಗಣಿಯ ಪ್ರದೇಶದ ಮನೆಗಳ ಮಟ್ಟಿಗೆ ಇದಕ್ಕೆ ವಿಶೇಷವಾದ ಅರ್ಥವಿದೆ. ಪಾಳಿಯ ಕೆಲಸಕ್ಕೆ ಭೂಮಿಯೊಳಗೆ ಇಳಿದ ಗಂಡನು ಹಿಂದಿರುಗುವನೆಂಬ ಭರವಸೆಯಿಲ್ಲದೆ, ಗಣಿಯ ಕೂಗು ಕೇಳಿದಾಗಲೆಲ್ಲ ಎದೆ ಹಿಡಿದುಕೊಂಡು, ಆದರೂ ಒಲೆ ಆರದಂತೆ, ಮಕ್ಕಳ ಶಾಲೆ ತಪ್ಪದಂತೆ ಸಂಸಾರವನ್ನು ಸಾಗಿಸಿದ ತಾಯಂದಿರು ಇಲ್ಲಿ ಎಷ್ಟೋ ಮಂದಿ. ಗಣಿಗಳು ಮುಚ್ಚಿದ ಮೇಲೆ, ನಸುಕಿನಲ್ಲೆದ್ದು ಬೆಂಗಳೂರಿನ ರೈಲನ್ನು ಹತ್ತುವ ಸಂಸಾರಗಳ ಹಿಂದೆ ನಿಂತವರೂ ಅವರೇ. ಈಗ ಆ ರೈಲಿನಲ್ಲಿ ದುಡಿಮೆಗೆ ಹೊರಟ ಹೆಣ್ಣುಮಕ್ಕಳೂ ಅನೇಕರು. ಹೊರಗೆ ಹೋಗುವ ಬಾಗಿಲು ಅವರಿಗೆ ತೆರೆದಿದೆ. ಸಂಜೆ ಅವರು ಮರಳಿ ಬರುವ ಮನೆಯಲ್ಲಿ ಗಂಡಸಿನ ಪರೀಕ್ಷೆ ಮಾತ್ರ ಇನ್ನೂ ನಡೆಯುತ್ತಲೇ ಇದೆ.

ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಕೈಲಾಸಂ ಅವರ ನಾಟಕಗಳನ್ನು ಆಡಿಸುವುದು ಹಿಂದಿನಿಂದ ಬಂದ ವಾಡಿಕೆ. ಅಧ್ಯಾಪಕ ಬಂಧುಗಳು ಮುಂದೆ ‘ಟೊಳ್ಳುಗಟ್ಟಿ’ಯನ್ನು ಮಕ್ಕಳಿಗೆ ಕಲಿಸುವಾಗ, ನಗೆಯ ಮಾತುಗಳನ್ನು ಬಾಯಿಪಾಠ ಮಾಡಿಸುವುದರೊಂದಿಗೆ ಆ ಕಡೆಗಣಿಸಲ್ಪಟ್ಟ ಹುಡುಗನು ಮಾಡುವ ಕೆಲಸಗಳತ್ತಲೂ ಅವರ ಗಮನವನ್ನು ಸೆಳೆಯಬೇಕು. ಅಂಕಪಟ್ಟಿಯಲ್ಲಿ ಕಾಣದ ಆ ಕೆಲಸವನ್ನು ತಮ್ಮ ಮನೆಯಲ್ಲಿ ಯಾರು ಮಾಡುತ್ತಿದ್ದಾರೆಂದು ಒಬ್ಬ ಹುಡುಗನಾದರೂ ಅಂದು ರಾತ್ರಿ ಯೋಚಿಸಿ, ಮರುದಿನ ಬೆಳಿಗ್ಗೆ ತಾಯಿಯ ಕೈಯಿಂದ ಕೊಡವನ್ನು ಇಸಿದುಕೊಂಡರೆ, ನಾಟಕಕಾರನ ಶ್ರಮ ಸಾರ್ಥಕವಾದಂತೆಯೇ ಸರಿ.